ಬಲಗೆನ್ನೆಯ ಮಚ್ಚೆ

ನನ್ನ ಚಿಕ್ಕಮ್ಮನದು ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ಮಾತು ಕಡಿಮೆ. ಹಲ್ಲು ಕಚ್ಚಿ ಕಾಯುವುದರಲ್ಲಿ ಮಾತ್ರ ಅವಳನ್ನು ಮೀರಿಸುವವರಿಲ್ಲ. ಕಾದದ್ದು ಇಪ್ಪತ್ತಾರು ವರ್ಷ.

ಅವಳಪ್ಪ, ಅಂದರೆ ನನ್ನ ಅಜ್ಜ, ಸ್ಟುಡಿಯೋ ಒಂದರಲ್ಲಿ ಗಾಜಿನ ನೆಗೆಟಿವ್ ತಿದ್ದುತ್ತಿದ್ದರು. ಆಸ್ಪತ್ರೆ ಕಟ್ಟಿಸಿದ ಡಾಕ್ಟರರ ದೊಡ್ಡ ತೈಲಚಿತ್ರ ಬರೆದವರೂ ಅವರೇ. ಮೂಲೆಯಲ್ಲಿದ್ದ ಸಹಿಯನ್ನು ಸ್ಟುಡಿಯೋ ಮಾಲೀಕ ಬ್ಲೇಡಿನಿಂದ ಕೆರೆದು, "ಸಂಬಳಕ್ಕಿರೋನಿಗೆ ಸಹಿ ಬೇರೆ ಕೇಡು" ಅಂದ. 'ಕಲಾವಿದರು ಯಾರೆಂದು ತಿಳಿಯದು' ಎಂಬ ಚೀಟಿಯೊಂದಿಗೆ ಚಿತ್ರ ಆಸ್ಪತ್ರೆಯ ಗೋಡೆ ಸೇರಿತು. ಕೊನೆಗಾಲದಲ್ಲಿ ಅಜ್ಜ ಸ್ಟ್ರೆಚರಿನ ಮೇಲೆ ಆ ಚೀಟಿಯ ಮುಂದೆಯೇ ಹಾದುಹೋದರು.

ಅದಾಗಿ ಇಪ್ಪತ್ತಾರು ವರ್ಷಕ್ಕೆ, ಈಗ, ಮಾಲೀಕನ ಮಗ ಆ ಚಿತ್ರ ಬರೆದದ್ದು ತನ್ನಪ್ಪನೇ ಎಂದು ಸಾರಿದ. ನಂಬಿದ ಆಸ್ಪತ್ರೆಯವರು ಸಮಾರಂಭಕ್ಕೆಂದು ಹೊಸ ಕಟ್ಟು ಹಾಕಿಸಲು ಅದನ್ನು ಚಿಕ್ಕಮ್ಮನ ಅಂಗಡಿಗೇ ಕಳಿಸಿದರು. ಅವಳು ಕಟ್ಟು ಹಾಕಿ ಮುಗಿಸಿದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಹೋಗಿ ಕೇಳೋಣ ಬಾ ಚಿಕ್ಕಮ್ಮ" ಅಂದೆ.

"ಮೊದಲು ಎಲ್ಲರೆದುರು ಸುಳ್ಳು ಹೇಳ್ಲಿ" ಅಂದಳು.

ಹೇಳಿದ. ಸಮಾರಂಭದಲ್ಲಿ ಮೈಕು ಹಿಡಿದು, "ಡಾಕ್ಟರು ಎಂಟು ದಿನ ನಮ್ಮ ತಂದೆ ಎದುರಿಗೇ ಕೂತಿದ್ರು" ಅಂದ. ಚಿಕ್ಕಮ್ಮ ಎದ್ದು, ಮುಂದಿನ ಸಾಲಿನಲ್ಲಿದ್ದ ಡಾಕ್ಟರರ ಮಗಳನ್ನು ಕೇಳಿದಳು.

"ನಿಮ್ಮ ತಂದೆಯವರ ಮಚ್ಚೆ ಯಾವ ಕೆನ್ನೇಲಿತ್ತು, ಅಮ್ಮ?"

"ಎಡಗೆನ್ನೇಲಿ."

ಚಿತ್ರದಲ್ಲಿ ಅದು ಬಲಗೆನ್ನೆಯಲ್ಲಿತ್ತು.

ನೆಗೆಟಿವ್ ತಿದ್ದುವವರು ಗಾಜಿಗೆ ರಸಾಯನ ಬಳಿದ ಬದಿಯಲ್ಲಿ ಪೆನ್ಸಿಲ್ ಆಡಿಸಬೇಕು. ಆ ಬದಿಯಿಂದ ಮುಖದ ಎಡಬಲ ಅದಲುಬದಲಾಗಿ ಕಾಣುತ್ತದೆ. ಜೀವಮಾನವಿಡೀ ಮುಖಗಳನ್ನು ಹಾಗೆಯೇ ಕಂಡಿದ್ದ ಅಜ್ಜ, ಡಾಕ್ಟರರ ನೆಗೆಟಿವ್ ಗಾಜನ್ನು ಕಿಟಕಿಗೊರಗಿಸಿ ಈ ಚಿತ್ರ ಬರೆಯುವಾಗಲೂ ಹಾಗೇ ಬರೆದುಬಿಟ್ಟಿದ್ದರು. ಕೆಲಸ ಬಿಡುವಾಗ ಅವರು ತಂದಿಟ್ಟಿದ್ದ ಆ ಗಾಜನ್ನು ಚಿಕ್ಕಮ್ಮ ಚೀಲದಿಂದ ತೆಗೆದು ಚಿತ್ರದ ಪಕ್ಕ ಹಿಡಿದಳು. ಕಾಲರಿನ ಸುಕ್ಕು ಕೂಡ ಒಂದೇ.

"ಎದುರಿಗೆ ಕೂತೋರನ್ನ ನೋಡಿ ಬರೆದಿದ್ರೆ ಮಚ್ಚೆ ಕೆನ್ನೆ ಬದಲಿಸ್ತಿತ್ತಾ? ನಿಮ್ಮಲ್ಲಿ ಗಾಜು ತಿದ್ದುತ್ತಿದ್ದೋರು ಒಬ್ಬರೇ. ನಮ್ಮಪ್ಪ."

ಮಗ ಇಂಗು ತಿಂದ ಮಂಗನಂತಾದ. ನನಗೆ ಹೊಟ್ಟೆ ತಣ್ಣಗಾಯಿತು. ಅವಳಿಗೆ ಆಗಿರಲಿಲ್ಲ.

"ಆಯ್ತಮ್ಮ, ಅವರ ಹೆಸರೇ ಹಾಕ್ಸೋಣ" ಎಂದು ಅವನು ಪೆನ್ನು ತೆಗೆದ. "ಏನವರ ಹೆಸರು?"

"'ಮೂವತ್ತು ವರ್ಷ ನಮ್ಮ ಸ್ಟುಡಿಯೋದಲ್ಲಿ ದುಡಿದೋರ ಹೆಸರು ನನಗೆ ಗೊತ್ತಿಲ್ಲ' ಅಂತ ಮೈಕಲ್ಲಿ ಹೇಳಿ. ಆಮೇಲೆ ಹೇಳ್ತೀನಿ" ಅಂದಳು ಚಿಕ್ಕಮ್ಮ.

ಹೇಳಿದ. ಹಿಂದಿನ ಸಾಲಿಗೆ ಕೇಳಿಸಲಿಲ್ಲವೆಂದು ಚಿಕ್ಕಮ್ಮ ಇನ್ನೊಮ್ಮೆ ಹೇಳಿಸಿದಳು.