ತಾನಾಗೇ ಹೋದ ಗೇರ್‌ಬಾಕ್ಸು

ಕೆ.ಆರ್. ಪೇಟೆಯ ನಮ್ಮ ಬೀದಿಯಲ್ಲಿ ಇವತ್ತಿನವರೆಗೆ ಯಾರೂ ಒಂದು ಸರ ಮುರಿದವರಿಲ್ಲ. ಮಂಜುನಾಥಾಚಾರ್ರ ಚಿನ್ನಬೆಳ್ಳಿ ಅಂಗಡಿಗೆ ರಿಪೇರಿಗೆ ಬರುವ ಸರಗಳೆಲ್ಲ ತಾವಾಗೇ ಮುರಿದುಕೊಂಡು ಬರುತ್ತವೆ. ನನ್ನ ಪುಸ್ತಕ-ಪೆನ್ನಿನ ಅಂಗಡಿ ಪಕ್ಕದಲ್ಲೇ. ವ್ಯಾಪಾರವಿಲ್ಲದ ಹೊತ್ತಿನಲ್ಲಿ, ಅಂದರೆ ಸ್ಕೂಲು ಶುರುವಾಗುವ ತಿಂಗಳು ಬಿಟ್ಟು ಮಿಕ್ಕೆಲ್ಲ ಹೊತ್ತಿನಲ್ಲಿ, ನಾನು ಅವರ ಬೆಂಚಿನ ಮೇಲೇ ಕೂತು ಪೇಪರ್ ಓದುತ್ತಿರುತ್ತೇನೆ. ಹಾಗಾಗಿ ಈ ಮಾತು ನನಗೆ ಬಾಯಿಪಾಠ.

"ಏನಾಯ್ತವ್ವ?" ಎನ್ನುತ್ತಾರೆ ಆಚಾರ್ರು, ಕನ್ನಡಕದ ಮೇಲಿಂದ ನೋಡಿ.

"ಸುಮ್ನೆ ಕುಂತಿದ್ದೆ ಆಚಾರ್ರೆ, ತಾನಾಗೇ ಕಿತ್ಕೊಬುಡ್ತು."

ಆಚಾರ್ರು ವಾದ ಮಾಡುವುದಿಲ್ಲ. ತಾವೇ ಮಾಡಿಕೊಟ್ಟ ಸರವಾದರೆ ಬೆಸುಗೆಗೆ ಕಾಸು ಕೇಳುವುದೂ ಇಲ್ಲ. ಗಿರಾಕಿ ಬೀದಿ ತಿರುವು ದಾಟಿದ ಮೇಲೆ, "ಚಿನ್ನುಕ್ಕೂ ಕೈಕಾಲು ಬಂದಂಗೈತೆ ಕಣ್ಲಾ ಯೋಗಿ" ಎನ್ನುತ್ತಾರೆ. ಒಳಗೆ ಕೆಲಸದ ಮಣೆಯ ಮುಂದೆ ಕೂತ ಮಗ ಯೋಗೇಶ್ ಊದುಗೊಳವೆ ಕೆಳಗಿಟ್ಟು ನಗುತ್ತಾನೆ. ಅವರ ಮನೆಯಲ್ಲೂ ಅದೇ ತಮಾಷೆ. ಯೋಗೇಶನ ಹೆಂಡತಿ ರಾಧಾಮಣಿ ಲೋಟ ಒಡೆದರೂ "ತಾನಾಗೇ" ಎಂದು ಅವಳೇ ಮೊದಲು ಹೇಳಿಬಿಡುತ್ತಾಳೆ.

ಈ ಯೋಗೇಶ ದಿನವಿಡೀ ಸಾಸಿವೆ ಗಾತ್ರದ ಕೊಂಡಿಗಳನ್ನು ಚಿಮಟದಲ್ಲಿ ಹಿಡಿದು ಕೂಡಿಸುವವನು. ಉಸಿರು ಜೋರಾಗಿ ಬಿಟ್ಟರೆ ಹಾರಿಹೋಗುವ ಕೆಲಸ. ಅಂಥವನಿಗೆ ವೇಗದ ಹುಚ್ಚು ಎಲ್ಲಿಂದ ಅಂಟಿತೋ ದೇವರಿಗೇ ಗೊತ್ತು. ಸಾಲಸೋಲ ಇಲ್ಲದೆ, ತಾನು ದುಡಿದದ್ದರಲ್ಲೇ ಒಂದು ಸ್ಪೋರ್ಟ್ಸ್ ಮಾಡೆಲ್ ಕಾರು ತಂದ. ನೋಡಲು ಸಾಮಾನ್ಯ ಕಾರೇ, ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಮಾತ್ರ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಒಂದು ಸಲ ನನ್ನನ್ನು ಕಿಕ್ಕೇರಿವರೆಗೆ ಕೂರಿಸಿಕೊಂಡು ಹೋಗಿದ್ದ. ವಾಪಸ್ಸು ಬಸ್ಸಿನಲ್ಲಿ ಬಂದೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ, ಒಡವೆ ಅಚ್ಚು ತರಬೇಕು ಎಂದು ಅಪ್ಪನಿಗೆ ಹೇಳಿ ಕೊಯಮತ್ತೂರಿಗೆ ಹೋದ. ಅಚ್ಚು ತಂದದ್ದು ನಿಜ. ತರುವ ಮೊದಲು ಅಲ್ಲಿನ ಕಾರು ಓಡಿಸುವ ಟ್ರ್ಯಾಕಿಗೆ ಹೋಗಿದ್ದೂ ನಿಜ. ನಾಗಮಂಗಲದ ಗೆಳೆಯ ಅಭಿಲಾಷ್ ಜೊತೆಗಿದ್ದ. ಶುಲ್ಕ ಕಟ್ಟಿ, ತಲೆಗೆ ಹೆಲ್ಮೆಟ್ ಹಾಕಿ, ನಮ್ಮ ಕಾರನ್ನು ನಾವೇ ಮನಸೋ ಇಚ್ಛೆ ಓಡಿಸುವ ಜಾಗ ಅದು. ಪಂದ್ಯ ಅಲ್ಲ, ಬಹುಮಾನ ಇಲ್ಲ. ಯೋಗೇಶ ಊಟದ ನೆನಪೂ ಇಲ್ಲದೆ ಸುತ್ತಿದ. ಅಷ್ಟು ಖುಷಿ ತನಗೆ ಮದುವೆಯ ದಿನವೂ ಆಗಿರಲಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿದ. ರಾಧಾಮಣಿಗೆ ಹೇಳಬೇಡಿ ಎಂದೂ ಸೇರಿಸಿದ.

ಆ ವಾರವೇ ಬೆಳಗೊಳದ ಹತ್ತಿರ ಗೇರ್‌ಬಾಕ್ಸು ಕೈಕೊಟ್ಟಿತು. ಇಂಜಿನ್ನು ಕೂಗುತ್ತದೆ, ಚಕ್ರ ತಿರುಗುವುದಿಲ್ಲ. ಕಾರನ್ನು ಎಳೆಯುವ ಗಾಡಿ ಬರುವವರೆಗೆ ನಾಲೆಯ ಪಕ್ಕ ನಿಂತುಕೊಂಡು ಅವನು ಅಭಿಲಾಷನಿಗೆ ಫೋನ್ ಮಾಡಿದ.

"ಟ್ರ್ಯಾಕು ಅಂತ ಬಾಯ್ ಬುಟ್ಯೋ, ವಾರಂಟಿ ಮರ್ತುಬುಡು ಕಣ್ಲಾ" ಎಂದ ಅಭಿಲಾಷ್. ಅವನು ವಾರಂಟಿ ಪುಸ್ತಕ ಓದಿದವನಲ್ಲ. ಯೋಗೇಶನೂ ಓದಿರಲಿಲ್ಲ. ಯಾರು ತಾನೇ ಓದುತ್ತಾರೆ?

ಶ್ರೀರಂಗಪಟ್ಟಣದಿಂದ ಮೈಸೂರಿನ ಕಡೆಗಿರುವ ಸರ್ವಿಸ್ ಸೆಂಟರಿನಲ್ಲಿ ವಾರಂಟಿ ನೋಡಿಕೊಳ್ಳುವವಳು ಸ್ಪಂದನ ಎಂಬ ಹುಡುಗಿ. ಬೂಕನಕೆರೆಯವಳು, ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಹೆಸರು ಊರು ಕೇಳುತ್ತಿದ್ದ ಹಾಗೆ ಅವಳ ಮುಖ ಅರಳಿತು.

"ನೀವು ಮಂಜುನಾಥಾಚಾರ್ರ ಮಗ ಅಲ್ವಾ ಅಣ್ಣ? ನಮ್ಮವ್ವನ ಸರ ನಿಮ್ಮಂಗಡೀದೇ."

ಯೋಗೇಶ ತಲೆಯಾಡಿಸಿದ. ಅವಳು ಕಂಪ್ಯೂಟರಿನ ಕಡೆ ತಿರುಗಿ, "ಟ್ರ್ಯಾಕ್‌ಗೆ ಏನಾದ್ರೂ ತಗೊಂಡೋಗಿದ್ರಾ? ಓಗಿದ್ರೂ ಪರ್ವಾಗಿಲ್ಲ, ಹೇಳ್ಬುಡಿ. ಬರ್ಕೋಬೇಕು" ಎಂದಳು.

"ಯಾವ ಟ್ರ್ಯಾಕವ್ವ? ಸುಮ್ನೆ ಬರ್ತಿದ್ದೆ, ತಾನಾಗೇ ಓಗ್ಬುಡ್ತು."

ಆ ಮಾತು ತನ್ನ ಬಾಯಿಂದಲೇ ಬಂದಾಗ ಕಿವಿ ಬಿಸಿಯಾಯಿತಂತೆ. ಎದುರಿಗೆ ಅಪ್ಪ ಕೂತು ಕನ್ನಡಕದ ಮೇಲಿಂದ ನೋಡಿದಂತಾಯಿತಂತೆ. ಆದರೂ ವಾರಂಟಿ ಅರ್ಜಿಯಲ್ಲಿ ಅವಳು ತೋರಿಸಿದ ಕಡೆ ಸಹಿ ಹಾಕಿದ.

ಸ್ಪಂದನ ಅಷ್ಟಕ್ಕೇ ಬಿಟ್ಟಿದ್ದರೆ ಪಾಪ ಅವಳಿಗೆ ಏನೂ ಆಗುತ್ತಿರಲಿಲ್ಲ. ಮ್ಯಾನೇಜರ್ ರಘುನಂದನ್ ಅವರಿಗೆ ಅನುಮಾನ ಬಂದು ಕೇಳಿದಾಗ, "ನಂಗೊತ್ತಿರೋ ಮನೆ ಸರ್. ಅವ್ರು ಸುಳ್ಳೇಳೋ ಜನ ಅಲ್ಲ" ಎಂದು, ತನ್ನ ಹೊಣೆಯ ಮೇಲೇ ಅರ್ಜಿಯನ್ನು ಕಂಪನಿಗೆ ಕಳಿಸಿದಳು. ಅದನ್ನು ಯೋಗೇಶನಿಗೆ ಫೋನ್ ಮಾಡಿ ಹೇಳಿದಳು ಕೂಡ, ಸಂತೋಷದಿಂದ. ಅಂದು ರಾತ್ರಿ ಅವನು, ಬೆಳಗಾದರೆ ಹೋಗಿ ಹೇಳಿಬಿಡುತ್ತೇನೆ ಅಂದುಕೊಂಡ. ಬೆಳಗಾಯಿತು, ಅಂಗಡಿ ತೆಗೆದ.

ಬೆಂಗಳೂರಿನಿಂದ ಕಂಪನಿಯ ಇಂಜಿನಿಯರು ಬಂದು ಕಾರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದರು. ಯೋಗೇಶನನ್ನೂ ಕರೆಸಿದ್ದರು. ಈಗಿನ ಕಾರುಗಳು ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತವೆ. ಯಾವ ದಿನ, ಎಷ್ಟು ವೇಗ, ಗೇರಿನ ಎಣ್ಣೆ ಎಷ್ಟು ಕಾದಿತ್ತು, ಯಾವ ಊರಿನಲ್ಲಿ. ಇಂಜಿನಿಯರು ಪರದೆಯಿಂದ ಕಣ್ಣು ತೆಗೆಯದೆ "ಕೊಯಮತ್ತೂರು" ಎಂದರು. ಧ್ವನಿ ಏರಿಸಲೂ ಇಲ್ಲ. ಆಮೇಲೆ ಅವರು ಹೇಳಿದ್ದು ಯೋಗೇಶನನ್ನು ನೆಲಕ್ಕಿಳಿಸಿತು.

"ಈ ಮಾಡೆಲನ್ನು ಟ್ರ್ಯಾಕಲ್ಲಿ ಓಡಿಸೋಕೆ ಕಂಪನಿನೇ ಒಪ್ಪಿದೆ ಸರ್. ರೇಸ್ ಆಗಿರಬಾರದು, ಟೈಮ್ ಹಿಡಿದು ಓಡಿಸಿರಬಾರದು, ಇಂಜಿನ್ ಬಿಚ್ಚಿ ಏನೂ ಬದಲಾಯಿಸಿರಬಾರದು, ಅಷ್ಟೆ. ಟೈರು, ಬ್ರೇಕ್ ಪ್ಯಾಡು ಸವೆದರೆ ಅದು ನಿಮ್ಮದು. ಗೇರ್‌ಬಾಕ್ಸ್ ನಾವೇ ಹಾಕಿಕೊಡ್ತಿದ್ವಿ. ಆದರೆ ನೀವು ಹೋಗೇ ಇಲ್ಲ ಅಂತ ಸಹಿ ಹಾಕಿದ್ದೀರ. ಸುಳ್ಳು ಹೇಳಿದ ಮೇಲೆ ವಾರಂಟಿ ಇಲ್ಲ."

ರಘುನಂದನ್ ಸ್ಪಂದನಳ ಕಡೆ ತಿರುಗಿ, "ಇವ್ರೇನಾ ನಿಂಗೆ ಗೊತ್ತಿರೋರು?" ಎಂದರು.

"ಇಲ್ಲ ಸರ್" ಎಂದಳು ಅವಳು. "ಅಂಗಡಿ ಗೊತ್ತು ಅಷ್ಟೆ."

ಆಗಲಾದರೂ ಇವನು ಬಾಯಿ ಬಿಡಬೇಕಿತ್ತು. ಆ ಹುಡುಗಿಯದು ತಪ್ಪಿಲ್ಲ ಸ್ವಾಮಿ, ಅವಳು ನೇರವಾಗಿ ಕೇಳಿದಳು, ನಾನು ಮುಖ ನೋಡಿಕೊಂಡೇ ಸುಳ್ಳು ಹೇಳಿದೆ ಅಂತ ಒಂದು ಮಾತು. ನನಗೆ ಅವನ ಮೇಲೆ ಸಿಟ್ಟು ಬಂದದ್ದು ಟ್ರ್ಯಾಕಿಗೆ ಹೋದದ್ದಕ್ಕಲ್ಲ, ಇದಕ್ಕೆ. ಇವನು ನೆಲ ನೋಡುತ್ತ ನಿಂತ. ಸ್ಪಂದನಳನ್ನು ವಾರಂಟಿ ಮೇಜಿನಿಂದ ತೆಗೆದು, ತೊಳೆದ ಕಾರುಗಳ ಕೀಲಿಯನ್ನು ಗಿರಾಕಿಗಳ ಕೈಗೆ ಕೊಡುವ ಕೆಲಸಕ್ಕೆ ಹಾಕಿದರು.

ಕಾರನ್ನು ಯೋಗೇಶ ತನ್ನ ಕೈಯಿಂದಲೇ ಖರ್ಚು ಹಾಕಿ ರಿಪೇರಿ ಮಾಡಿಸಿ ತಂದು, ಹೊದಿಕೆ ಹೊದಿಸಿ ಮನೆಯ ಪಕ್ಕ ನಿಲ್ಲಿಸಿದ. ವಾರಂಟಿ ಯಾಕೆ ಸಿಗಲಿಲ್ಲ ಎಂದು ಅಪ್ಪ ಕೇಳಿದ್ದಕ್ಕೆ, "ಕಂಪ್ನಿಯವ್ರು ಕಳ್ರು" ಎಂದ. ನನ್ನೊಬ್ಬನಿಗೆ ಮಾತ್ರ ಎಲ್ಲ ಹೇಳಿದ. ಹೇಳುವಷ್ಟು ಹೊತ್ತೂ ಮಣೆಯಿಂದ ಮುಖ ಎತ್ತಲಿಲ್ಲ. ನಾಚಿಕೆ ಆಗುತ್ತೆ ಸಾರ್, ಕನ್ನಡಿ ನೋಡೋಕೂ ನಾಚಿಕೆ ಆಗುತ್ತೆ ಎಂದ. ಸರ ರಿಪೇರಿಗೆ ಬಂದವರು "ತಾನಾಗೇ" ಅಂದಾಗ ಅಪ್ಪ ನಗುತ್ತಿದ್ದರು. ಮಗ ಒಳಗೆ ಊದುಗೊಳವೆ ಜೋರಾಗಿ ಊದಿಕೊಳ್ಳುತ್ತಿದ್ದ.

ಸಂಕ್ರಾಂತಿ ಆದಮೇಲೆ ಒಂದು ಮಧ್ಯಾಹ್ನ ಅಂಗಡಿಗೆ ಒಬ್ಬ ಹುಡುಗಿ ಬಂದಳು. ನಾನು ಬೆಂಚಿನ ಮೇಲಿದ್ದೆ. ಒಳಗೆ ಯೋಗೇಶ ತಟ್ಟನೆ ಮೈ ಕುಗ್ಗಿಸಿದ್ದು ನೋಡಿ ಯಾರು ಎಂದು ಗೊತ್ತಾಯಿತು. ಅವಳು ಅವನ ಕಡೆ ನೋಡದೆ, ಕರವಸ್ತ್ರದಲ್ಲಿ ಸುತ್ತಿದ್ದ ಸರವನ್ನು ಆಚಾರ್ರ ಮುಂದೆ ಇಟ್ಟಳು.

"ಏನಾಯ್ತವ್ವ?" ಎಂದರು ಆಚಾರ್ರು, ಕನ್ನಡಕದ ಮೇಲಿಂದ.

"ನಾನೇ ಮುರ್ದೆ."

ಆಚಾರ್ರು ಕನ್ನಡಕ ತೆಗೆದರು. "ಏನಂದೆ?"

"ನಾನೇ ಮುರ್ದೆ. ನಮ್ಮವ್ವ ಪುಟ್ಟಗೌರಮ್ಮಂದು ಸರ. ಕೆಲ್ಸ ಬುಟ್ಬುಟ್ಟು ಮನೇಲಿರು ಅಂತ ಕೈ ಇಡ್ಕೊಂಡ್ಲು. ನಾನು ಸಿಟ್ನಲ್ಲಿ ಕೊಸ್ರಾಡ್ದೆ, ಅವ್ಳ ಸರುಕ್ಕೆ ಬೆರಳು ಸಿಕ್ಕಾಕ್ಕೊಂಡು ಕಿತ್ತೋಯ್ತು. ನಂದೇ ತಪ್ಪು."

ಆಚಾರ್ರು ಸರವನ್ನು ಅಂಗೈ ಮೇಲೆ ಹಾಕಿಕೊಂಡು ನಕ್ಕರು. ಗೇಲಿಯ ನಗು ಅಲ್ಲ, ಮನಸ್ಸು ತುಂಬಿ ಬಂದದ್ದು. "ನಮ್ಮಪ್ಪನ ಕಾಲ್ದಿಂದ ಈ ಅಂಗ್ಡೀಲಿ ಇಂಗಂದೋರ್ನ ನಾನು ಕಂಡಿಲ್ಲ ಕಣವ್ವ. ಕೇಳ್ದೇನ್ಲಾ ಯೋಗಿ, ಮುರ್ದೆ ಅಂತಾವ್ಳೆ. ತಗೋ, ನೀನೇ ಬೆಸ್ಗೆ ಆಕು."

ಯೋಗೇಶ ಬಂದು ಸರ ತೆಗೆದುಕೊಂಡ. ಮಣೆಯ ಮುಂದೆ ಕೂತು ಚಿಮಟ ಹಿಡಿದ. ಆಚಾರ್ರು ಅವಳನ್ನು ಕೂರಿಸಿ, ಮಾತಿಗೆ ಮಾತು ಎಂಬಂತೆ, "ಅವ್ವ ಯಾಕವ್ವ ಕೆಲ್ಸ ಬುಡು ಅಂದ್ಲು?" ಎಂದು ಕೇಳಿದರು.

ಅವಳು ಒಳಗೆ ಕೂತವನ ಕಡೆ ಒಂದು ಸಲ ನೋಡಿದಳು. "ಕಾರ್ ಸರ್ವಿಸ್ನಲ್ಲಿ ಇದ್ದೆ. ಯಾರ್ದೋ ಮಾತು ನಂಬ್ಬುಟ್ಟೆ. ಈಗ ಕೀಲಿ ಕೊಡೋ ಕೆಲ್ಸುಕ್ಕಾಕವ್ರೆ. ಅದ್ನ ನೋಡಿ ಅವ್ವುಂಗೆ ಬೇಜಾರು."

ಹೆಸರು ಹೇಳಲಿಲ್ಲ. ಹೇಳಿದ್ದರೆ ಯೋಗೇಶನಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಅವನು ಚಿಮಟ ಕೆಳಗಿಟ್ಟ.

"ಯಾರ್ದೋ ಅಲ್ಲ ಅಪ್ಪಾಜಿ, ನಂದು. ಕೊಯಮತ್ತೂರ್ಗೆ ಅಚ್ಚು ತರಾಕೆ ಅಂತ ಓಗಿ, ಕಾರ್ನ ಟ್ರ್ಯಾಕಲ್ಲಿ ಓಡ್ಸ್ದೆ. ಗೇರ್‌ಬಾಕ್ಸು ನಾನೇ ಒಡ್ದೆ. ಇವ್ಳ ಮುಂದೆ ಕುಂತ್ಕೊಂಡು ತಾನಾಗೇ ಓಯ್ತು ಅಂದೆ."

ಆಚಾರ್ರ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಮಗ ಓಡಿಸಿದ, ಒಡೆದ, ಅದೆಲ್ಲ ಅವರಿಗೆ ದೊಡ್ಡದಾಗಿ ಕಾಣಲಿಲ್ಲ. "ತಾನಾಗೇ" ಎಂಬ ಮಾತಿಗೆ ಮಾತ್ರ ಅವರ ಮುಖ ಕಪ್ಪಿಟ್ಟಿತು. ಆ ಹುಡುಗಿಯ ಮುಂದೆ ಅವರೂ ತಲೆ ತಗ್ಗಿಸಿದರು.

ಆಮೇಲೆ ಮಗನಿಗೆ, "ನಾಳೆ ಅಂಗ್ಡಿ ತೆಗೀಬ್ಯಾಡ" ಎಂದರು. "ಪಟ್ಣುಕ್ಕೋಗಿ, ಈಗ ಯೋಳ್ದೆಯಲ್ಲ, ಅದ್ನೇ ಆ ಮ್ಯಾನೇಜರ್ ಮುಂದೆ ಯೋಳು."

"ಊಂ" ಎಂದ ಯೋಗೇಶ. ಬೆಸುಗೆ ಹಾಕಿದ, ಉಜ್ಜಿದ, ಹೊಳಪು ಕೊಟ್ಟ. ಅಷ್ಟು ಚೊಕ್ಕ ಕೆಲಸ ಅವನು ಯಾವತ್ತೂ ಮಾಡಿರಲಿಲ್ಲ. ಸರ ಅವಳ ಕೈಗೆ ಕೊಡುವಾಗ, "ತಪ್ಪಾಯ್ತು ಕಣವ್ವ" ಎಂದ. ಅವಳು ಸರವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಳು.

"ಎಷ್ಟಾಯ್ತು ಆಚಾರ್ರೆ?"

"ನಮ್ಮ ಕೈಯಿಂದಾದ ಸರುಕ್ಕೆ ನಾವು ಕಾಸು ಮುಟ್ಟಲ್ಲ ಕಣವ್ವ."

"ಅದು ತಾನಾಗೇ ಮುರ್ದಿದ್ರೆ" ಎಂದಳು ಸ್ಪಂದನ. "ಇದು ನಾನು ಮುರ್ದಿರೋದು."

ನೋಟನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟು ಹೊರಟುಹೋದಳು. ಅಪ್ಪ ಮಗ ಇಬ್ಬರೂ ಅದನ್ನು ಮುಟ್ಟಲಿಲ್ಲ. ಸಂಜೆ ಬಾಗಿಲು ಹಾಕುವಾಗಲೂ ಅದು ಅಲ್ಲೇ ಇತ್ತು.