ಭಾವುಸಾಹೇಬರ ಇಲಿಬೋನುಗಳು

ಬೋರಗಾಂವದ ಭಾವುಸಾಹೇಬರ ಮನೆಗೆ ಹೋದವರಿಗೆ ಚಹಕ್ಕಿಂತ ಮೊದಲು ಇಲಿಬೋನುಗಳ ದರ್ಶನವಾಗುತ್ತದೆ. ಪಡಸಾಲೆಯ ಗೋಡೆ ಪೂರ್ತಿ ಅವೇ. ನಿಪ್ಪಾಣಿ, ಮಿರಜದ ಗುಜರಿ ಅಂಗಡಿಗಳಲ್ಲಿ ಹುಡುಕಿ ತಂದವು. ಒಂದು ತಂತಿಯ ಗುಮ್ಮಟದಂಥದ್ದು, ಅದರ ಬಾಯಿ ಆಲಿಕೆಯಂತಿದೆ. ತಂತಿಯ ಮೊನೆಗಳು ಒಳಮುಖವಾಗಿರುವುದರಿಂದ ಹೊಕ್ಕ ಇಲಿ ಮರಳಲಾರದು. ಇಲಿಯನ್ನು ಕಚ್ಚಿ ಕೊಲ್ಲುವ ಹಲ್ಲಿನ ಕಬ್ಬಿಣದ ಕತ್ತರಿ ಬ್ರಿಟಿಷರ ಕಾಲದ್ದಂತೆ. ಅದರ ಸ್ಪ್ರಿಂಗಿಗೆ ಈಗಲೂ ಬೆರಳು ಮುರಿಯುವ ಬಲವಿದೆ. "ಇದು ಹಿಂಸಾ. ಬರೇ ನೋಡಾಕ ಇಟ್ಟೇನಿ," ಎನ್ನುತ್ತಾರೆ ಭಾವುಸಾಹೇಬರು, ಎಣ್ಣೆ ಹಾಕಿ ಒರೆಸುತ್ತ.

ದಿನವೂ ದುಡಿಯುವುದು ಅವರ ಅಜ್ಜ ಮಾಡಿಸಿದ ಸಾಗವಾನಿ ಪೆಟ್ಟಿಗೆ. ಒಳಗಿನ ಕೊಕ್ಕೆಯ ರೊಟ್ಟಿ ಚೂರನ್ನು ಇಲಿ ಎಳೆದರೆ ಹಿಂದೆ ಬಾಗಿಲು ಬೀಳುತ್ತದೆ, ಕೂದಲೂ ಕೊಂಕುವುದಿಲ್ಲ. ಮುಂಜಾನೆ ಭಾವುಸಾಹೇಬರು ಸ್ನಾನ ಮಾಡಿ, ಇಲಿಗೆ ಣಮೋಕಾರ ಮಂತ್ರ ಕೇಳಿಸಿ, ಬೆನ್ನಿಗೆ ಅರಿಷಿಣ ಹಚ್ಚಿ, ಹಿತ್ತಲ ಗೋಡೆಯಾಚೆ ಬಿಡುತ್ತಿದ್ದರು. ಅರಿಷಿಣ ಗುರುತಿಗೆ. ಬಿಟ್ಟ ಇಲಿ ಒಂದೂ ತಿರುಗಿ ಬಂದಿಲ್ಲ, ಅಜ್ಜನ ಪುಣ್ಯ ಎಂದು ಬಸದಿಯಲ್ಲೂ ಹೇಳಿದರು. ನಾವೆಲ್ಲ ಭಕ್ತಿಯಿಂದ ತಲೆಯಾಡಿಸಿದೆವು.

ಗೋಡೆಯಾಚೆ ಇರುವುದು ಸಕ್ಕುಬಾಯಿಯ ಪವರ್‌ಲೂಮ್ ಶೆಡ್ಡು. ಮಗ್ಗದ ಹಾಸುನೂಲಿಗೆ ಗಂಜಿ ಹಚ್ಚಿರುತ್ತದೆ. ಇಲಿಗೆ ಅದು ಹಬ್ಬದೂಟ. ಎರಡು ಸಲ ಹಾಸು ಕಡಿದು ಹೋಗಿತ್ತು. ಇನ್ನೊಮ್ಮೆ ಹಾಗಾದರೆ ಸೀರೆ ಬೇರೆಯವರಿಂದ ನೇಯಿಸುವೆನೆಂದು ವ್ಯಾಪಾರಿ ಹೇಳಿ ಹೋಗಿದ್ದ. ಅವಳಿಗೆ ಬೇರೆ ಕೆಲಸ ಗೊತ್ತಿಲ್ಲ.

"ಸಾವಕಾರ್ರ, ಆ ಕತ್ತರಿ ಸ್ವಲ್ಪ ದಿನಾ ಕೊಡ್ರಿ," ಎಂದು ಕೇಳಲು ಬಂದಳು.

"ಜೀವಾ ತಗಿಯೂದು ನಮ್ಮ ಮನಿಯಿಂದ ಆಗಬಾರದವ್ವಾ. ಸೈರಣಿ ಇರಲಿ."

"ನನಗ ಐತ್ರಿ ಸೈರಣಿ. ಸೀರಿ ಒಯ್ಯಾಂವಗ ಇಲ್ಲ."

ಭಾವುಸಾಹೇಬರ ಹೆಂಡತಿ ಸುಗಂಧಾ ತಡೆಯಲಾರದೆ ಸಾಗವಾನಿ ಪೆಟ್ಟಿಗೆಯನ್ನೇ ಎತ್ತಿ ಕೊಟ್ಟಳು. ಬಸದಿಯಲ್ಲಿ ಅವಳು ನನ್ನ ಪಕ್ಕ ಕೂರುತ್ತಾಳೆ. ಇದೆಲ್ಲ ಅವಳು ಹೇಳಿದ್ದು.

ಮರುದಿನ ಮುಂಜಾನೆ ಏಕಸಂಬಿಯ ಬೀಗರು ಬೋನು ನೋಡುತ್ತ ನಿಂತಿದ್ದಾಗ ಸಕ್ಕುಬಾಯಿ ಪೆಟ್ಟಿಗೆ ತಂದು ನಡುವೆ ಇಟ್ಟಳು.

"ಇಲಿ ಬಿದ್ದೈತ್ರಿ. ಬೆನ್ನಿಗೆ ಅರಿಷಿಣ ಐತಿ. ನಮ್ಮಲ್ಲಿ ಮದುಮಕ್ಕಳಿಗೆ ಹಚ್ಚತೀವಿ. ನಿಮ್ಮಲ್ಲಿ ಯಾರಿಗ್ರಿ?"

ಬೀಗರು ಭಾವುಸಾಹೇಬರನ್ನು ನೋಡಿದರು. ಭಾವುಸಾಹೇಬರು ಸೂರು ನೋಡಿದರು. "ಅದರ ಕರ್ಮಾ ಎಲ್ಲಿ ಒಯ್ದೈತೋ ಯಾರಿಗೆ ಗೊತ್ತ," ಎಂದರು.

"ಹೌದ್ರಿ. ಜೀವಾ ತಗಿಯೂದು ನನಗೂ ಆಗೂದಿಲ್ಲ. ನಿಮ್ಮ ಶೇಂಗಾ ಕೋಣ್ಯಾಗ ಬಿಡತೇನಿ. ಮಂತ್ರಾ ನನಗ ಬರಂಗಿಲ್ಲ, ನೀವ ಹೇಳ್ರಿ."

ಅವಳು ಪೆಟ್ಟಿಗೆ ಎತ್ತಿಕೊಂಡು ಕೋಣೆಯತ್ತ ಹೊರಟಳು. ಮಂಡಿನೋವೆಂದು ಬಸದಿಯಲ್ಲೂ ಕುರ್ಚಿ ಕೇಳುವ ಭಾವುಸಾಹೇಬರು ಅವಳಿಗಿಂತ ಮೊದಲು ಬಾಗಿಲು ಮುಟ್ಟಿ, ಎರಡೂ ಕೈ ಅಗಲಿಸಿ ನಿಂತರಂತೆ. "ನಾಳಿಂದ ದೂರ ಒಯ್ದ ಬಿಡತೇನಿ. ಬೀಗರ ಮುಂದ ಹೇಳಾಕತ್ತೇನಿ."

ಬೀಗರು ಸಾಕ್ಷಿಯಾದ್ದರಿಂದ ಕೊಟ್ಟ ಮಾತು ನಡೆಯಿತು. ಸಕ್ಕುಬಾಯಿಯ ಮಗ್ಗದಿಂದ ಈಗ ಸೀರೆ ಸರಿಯಾಗಿ ಇಳಿಯುತ್ತಿದೆ. ಭಾವುಸಾಹೇಬರು ಸ್ಕೂಟರಿನ ಮೇಲೆ ಇಲಿಯನ್ನು ದೂಧಗಂಗೆಯ ದಂಡೆಯ ಕಬ್ಬಿನ ಹೊಲಕ್ಕೆ ಒಯ್ಯುತ್ತಾರೆ.

ಆ ಹೊಲ ಯಾರದು ಎಂದು ಸುಗಂಧಾ ಕೇಳಿದಳಂತೆ.

"ಹೊಳಿ ದಂಡಿದು," ಎಂದರಂತೆ. "ಎಲ್ಲಾ ದೇವರದ."