ಹಸನಾಕ ರಿಪೇರಿ ಮಾಡದ ಬಸ್ಸು

ಗೇಟಿನೊಳಗೆ ಬರುವ ವಾಹನಕ್ಕೆ ಬೆನ್ನು ಹಾಕಿ ಕುಳಿತೇ ಅದರ ಕಾಯಿಲೆ ಹೇಳುವುದು ಹಸನಾಕರ ಪದ್ಧತಿಯಾಗಿತ್ತು. ಕುವೈತಿನ ರಾಯ್ ಪ್ರದೇಶದಲ್ಲಿದ್ದ ನಮ್ಮ ಕಂಪನಿಯ ಗ್ಯಾರೇಜಿನಲ್ಲಿ ಬೋರಲು ಹಾಕಿದ ಆಯಿಲ್ ಡಬ್ಬದ ಮೇಲೆ ಕುಳಿತು, ಸುಲೈಮಾನಿ ಚಹಾ ಹೀರುತ್ತ, ತಿರುಗಿಯೂ ನೋಡದೆ ಅವರು ಹೇಳುತ್ತಿದ್ದರು: “ಅದರ ಬೆಲ್ಟ್ ಅಳ್ತಾ ಉಂಟು. ಎಂಜಿನ್‌ಗೆ ಎಂತ ಆಗ್ಲಿಲ್ಲ.” ಬಾನೆಟ್ ತೆರೆದರೆ ಬೆಲ್ಟೇ ಸವೆದಿರುತ್ತಿತ್ತು.

ಅವರು ಕರಾವಳಿಯ ಬ್ಯಾರಿಗಳು. ಹಸನ್ ಕಾಕ ಎಂಬುದು ಬಾಯಿಂದ ಬಾಯಿಗೆ ಸವೆದು ಹಸನಾಕ ಆಗಿತ್ತು. ಕುವೈತಿಗೆ ಬಂದು ಇಪ್ಪತ್ತು ವರ್ಷ ಮೀರಿದ್ದರೂ ಅವರ ಪಾಸ್‌ಪೋರ್ಟು ಕಫೀಲನ, ಅಂದರೆ ವೀಸಾ ಕೊಟ್ಟ ಮಾಲಿಕನ, ಕಪಾಟಿನಲ್ಲೇ ಇತ್ತು. ಅದು ಅನ್ಯಾಯ, ಕೇಳಿ ಪಡೆಯಿರಿ ಎಂದು ನಾನು ಎಷ್ಟೋ ಬಾರಿ ಒತ್ತಾಯಿಸಿದ್ದೆ. “ಆ ಆಫೀಸಲ್ಲಿ ಎ.ಸಿ. ಉಂಟು ಮೇಡಂ. ಅದಾದ್ರೂ ತಂಪಲ್ಲಿ ಇರ್ಲಿ” ಎಂದು ನಕ್ಕು ಸ್ಪಾನರ್ ಎತ್ತಿಕೊಳ್ಳುತ್ತಿದ್ದರು.

ನಾನು ಅದೇ ಕಂಪನಿಯ ಸುರಕ್ಷತಾ ವಿಭಾಗದಲ್ಲಿದ್ದೆ. ಕಂಡ ತಪ್ಪನ್ನು ಹೆಸರು ಹಿಡಿದು ಹೇಳಬೇಕೆಂದು ಕಲಿಸಿದ ಶಾಲೆಯಲ್ಲಿ ಓದಿದವಳು. ಹೇಳುವುದಕ್ಕೆ ಅಲ್ಲಿ ಬರವಿರಲಿಲ್ಲ. ಒಂದು ಕೋಣೆಗೆ ಹತ್ತು ಜನ. ತಿಂಗಳು ದಾಟಿದರೂ ಬಾರದ ಸಂಬಳ. ಬೇಸಿಗೆಯ ನಡುಹಗಲು ಹೊರಗೆ ದುಡಿಸಬಾರದೆಂಬ ನಿಯಮವಿದೆ, ಕೆಲಸವೂ ನಿಲ್ಲುತ್ತಿತ್ತು. ಆದರೆ ಕೆಲಸ ನಿಲ್ಲಿಸಿದ ಮೂವತ್ತು ಮಂದಿ ಆ ಬಯಲಿನಲ್ಲಿ ಎಲ್ಲಿ ಕೂರಬೇಕೆಂದು ಯಾರೂ ಯೋಚಿಸಿರಲಿಲ್ಲ. ಅವರು ಉಳಿಯುವ ಕ್ಯಾಂಪಿಗೆ ಕರೆದೊಯ್ದರೆ ಡೀಸೆಲ್ ದಂಡವೆಂದು ಕಂಪನಿಯ ವಾದ. ನೆರಳಿನ ವ್ಯವಸ್ಥೆ ಬೇಕೆಂದು ನಾನು ಮೂರು ಪತ್ರ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ.

ಆ ಬೇಸಿಗೆಯಲ್ಲೇ ಕಾರ್ಮಿಕರನ್ನು ಕರೆದೊಯ್ಯುವ ಹಳೆಯ ಬಸ್ಸಿಗೆ ವಿಚಿತ್ರ ರೋಗ ತಗುಲಿತು. ಕೀಲಿ ತಿರುಗಿಸಿ ಹೊರತೆಗೆದರೂ ಎಂಜಿನ್ ನಿಲ್ಲುತ್ತಿರಲಿಲ್ಲ. ಗುಡುಗುಡು ಎನ್ನುತ್ತ ಓಡುತ್ತಲೇ ಇರುತ್ತಿತ್ತು. ಹಸನಾಕ ಒಂದು ವಾರ ಕೀಲಿಯ ಸ್ವಿಚ್ಚು ಬದಲಿಸಿದರು. ಮುಂದಿನ ವಾರ ರಿಲೇ. ಆಮೇಲೆ ವಯರುಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದರು. ರೋಗ ಹಾಗೇ ಉಳಿಯಿತು.

ಫೋರ್‌ಮನ್ ಒಂದು ದಿನ ಗ್ಯಾರೇಜಿಗೇ ಬಂದು ಕಿರುಚಿದ: “ಹಸನ್ ಭಾಯಿ, ಯೇ ಕಾಮ್ ಕಬ್ ಖಲಾಸ್ ಹೋಗಾ?”

ಹಸನಾಕ ನನ್ನತ್ತ ತಿರುಗಿದರು. “ನೋಡಿ ಮೇಡಂ. ಸ್ಟಾರ್ಟ್ ಆಗದ ಗಾಡಿಗೂ ಬೈಯ್ತಾರೆ, ನಿಲ್ಲದ ಗಾಡಿಗೂ ಬೈಯ್ತಾರೆ. ಗಾಡಿ ಪಾಪ, ಎಂತ ಮಾಡ್ಬೇಕು?”

“ಸಂಜೆ ಹೇಗೆ ನಿಲ್ಲಿಸ್ತೀರಿ ಹಾಗಾದ್ರೆ?” ಎಂದೆ.

“ಗೇರ್ ಹಾಕಿ, ಬ್ರೇಕ್ ಒತ್ತಿ, ಮೆಲ್ಲ ಕ್ಲಚ್ ಬಿಡುದು. ಉಸಿರು ಕಟ್ಟಿ ನಿಲ್ತದೆ. ಆದ್ರೆ ದಿನಕ್ಕೆ ಒಂದೇ ಸಲ. ಎರಡು ಸಲ ಮಾಡಿದ್ರೆ ಗೇರ್ ಬಾಕ್ಸ್ ಖಲಾಸ್.” ಕೊನೆಯ ಮಾತನ್ನು ಅವರು ಫೋರ್‌ಮನ್‌ಗೆ ಹಿಂದಿಯಲ್ಲಿ ಇನ್ನೊಮ್ಮೆ ಹೇಳಿದರು. ಗೇರ್ ಬಾಕ್ಸಿನ ಹೆಸರು ಕೇಳಿ ಆತ ತಣ್ಣಗಾದ.

ಬೆನ್ನು ಹಾಕಿ ಕುಳಿತು ರೋಗ ಹೇಳುವವರು ಈ ಬಸ್ಸಿನೆದುರು ಎರಡು ತಿಂಗಳು ಸೋತು ಕುಳಿತದ್ದನ್ನು ಕಂಡು ನಾನು ಅನುಮಾನಿಸಬೇಕಿತ್ತು. ಅನುಮಾನಿಸಲಿಲ್ಲ, ಸಿಟ್ಟಾದೆ. ನಿಲ್ಲಿಸಲಾಗದ ಎಂಜಿನ್ನು, ಮೂವತ್ತು ಪ್ರಾಣ, ಹಳತಾದ ವಾಹನವನ್ನೇ ಓಡಿಸುವ ಕಂಪನಿಯ ದುರಾಸೆ ಎಂದೆಲ್ಲ ಒಂದೊಂದನ್ನೂ ಹೆಸರಿಸಿ ದೀರ್ಘ ವರದಿ ಬರೆದೆ. ವ್ಯರ್ಥವಾಗುವ ಡೀಸೆಲಿನ ಬಗ್ಗೆಯೂ ಒಂದು ಸಾಲು ಸೇರಿಸಿದೆ, ಅವರಿಗೆ ಅರ್ಥವಾಗುವ ಭಾಷೆ ಅದೊಂದೇ ಎಂದು. ಆ ವರದಿಯ ಒಂದು ಅಕ್ಷರವೂ ಸುಳ್ಳಾಗಿರಲಿಲ್ಲ. ಮರುದಿನವೇ ಉತ್ತರ ಬಂತು.

ಹೊರಗಿನಿಂದ ಬಂದ ಮೆಕ್ಯಾನಿಕ್ ಹತ್ತು ನಿಮಿಷದಲ್ಲಿ ರೋಗ ಹಿಡಿದ. ಕೀಲಿ ತಿರುಗಿಸಿದಾಗ ಡೀಸೆಲ್ ತಡೆಯಬೇಕಾದ ಪುಟ್ಟ ಲಿವರೊಂದನ್ನು ಯಾರೋ ಸಣ್ಣ ತಂತಿಯಿಂದ ಬಿಗಿದಿದ್ದರು. ತಂತಿ ಬಿಡಿಸಿದರೆ ಎಂಜಿನ್ ನಿಲ್ಲುತ್ತಿತ್ತು. ಸಂಜೆ ಚಾಲಕ ನೀರು ನೋಡುವ ನೆಪದಲ್ಲಿ ಬಾನೆಟ್ ತೆರೆದು ಮಾಡುತ್ತಿದ್ದುದು ಅದನ್ನೇ. ಗೇರು, ಕ್ಲಚ್ಚಿನ ಕಥೆಯೆಲ್ಲ ಫೋರ್‌ಮನ್‌ಗೆಂದೇ ಕಟ್ಟಿದ್ದು. ನನಗೂ ಇರಲಿ ಎಂದು ಕಟ್ಟಿದ್ದು.

ಏಕೆಂದು ಆ ಚಾಲಕನೇ ನನಗೆ ಹೇಳಿದ. ಬಸ್ಸು ಸ್ಥಳ ತಲುಪಿದೊಡನೆ ಡೀಸೆಲ್ ಉಳಿಸಲು ಫೋರ್‌ಮನ್ ಕೀಲಿ ಕಿತ್ತು ಜೇಬಿಗಿಳಿಸುತ್ತಿದ್ದ. ಹಸನಾಕ ತಂತಿ ಕಟ್ಟಿದ ಮೇಲೆ ಕೀಲಿ ಅವನ ಜೇಬಿನಲ್ಲಿದ್ದರೂ ಎಂಜಿನ್ ಓಡುತ್ತಿತ್ತು. ಆ ಬಸ್ಸಿನ ಎ.ಸಿ.ಗೆ ಕೀಲಿಯ ಹಂಗಿಲ್ಲದ ಬೇರೆಯೇ ಸ್ವಿಚ್ಚು. ಆ ಎರಡು ತಿಂಗಳೂ ನಡುಹಗಲು ಮೂವತ್ತು ಜನ ಆ ತಂಪಿನಲ್ಲಿ ಉಂಡು, ಕಣ್ಣು ಮುಚ್ಚಿ ಒರಗುತ್ತಿದ್ದರು. ಕೆಲಸದ ಸ್ಥಳಕ್ಕೆ ನಾನು ಹೋಗುತ್ತಿದ್ದುದೆಲ್ಲ ಬೆಳಗಿನ ಹೊತ್ತು. ಅದನ್ನು ಒಮ್ಮೆಯೂ ನೋಡಿರಲಿಲ್ಲ.

ಹಸನಾಕರ ಇಕಾಮಾ, ಆ ದೇಶದಲ್ಲಿರುವ ಪರವಾನಗಿ, ರದ್ದಾಯಿತು. ಪಾಸ್‌ಪೋರ್ಟು ಕೊನೆಗೂ ಕಪಾಟಿನಿಂದ ಹೊರಬಂತು, ಟಿಕೆಟಿನ ಜೊತೆಗೆ. ಅವರ ಪರವಾಗಿ ನಾನು ಹತ್ತಿದ ಮೆಟ್ಟಿಲುಗಳನ್ನು ಇಲ್ಲಿ ಲೆಕ್ಕ ಹಾಕುವುದಿಲ್ಲ. ಒಂದೂ ಫಲ ಕೊಡಲಿಲ್ಲ. ಹೊರಡುವ ಹಿಂದಿನ ದಿನ ಗ್ಯಾರೇಜಿಗೆ ಹೋದೆ. ತಮ್ಮ ಸ್ಪಾನರುಗಳನ್ನು ಒರೆಸಿ ಒಂದೊಂದಾಗಿ ಹಳೆಯ ಲುಂಗಿಯಲ್ಲಿ ಸುತ್ತುತ್ತಿದ್ದರು.

“ನನಗೊಂದು ಮಾತು ಹೇಳಬಹುದಿತ್ತಲ್ಲ ಹಸನಾಕ?”

“ಹೇಳಿದ್ರೆ ನೀವು ಬರೀತಿದ್ರಿ ಮೇಡಂ.”

ಧ್ವನಿಯಲ್ಲಿ ಕೊಂಕಿರಲಿಲ್ಲ. ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳತೊಡಗಿದರು. “ಬರೆದದ್ದು ತಪ್ಪು ಅಂತ ನಾನು ಹೇಳುದಿಲ್ಲ. ನಿಮ್ಮ ಕೆಲಸ ನೀವು ಮಾಡಿದ್ದು. ಆ ಜನಕ್ಕೆ ಇನ್ನೂ ಒಂದು ತಿಂಗಳು ಸೆಕೆ ಉಂಟು, ಅದೊಂದೇ.” ಸುಲೈಮಾನಿ ಕುಡಿದು ಹೋಗಿ ಎಂದರು. ಕುಡಿದೆ. ಮತ್ತೆ ಅವರನ್ನು ನೋಡಿಲ್ಲ.

ಅವರು ಹೋದ ಮರುದಿನ ನಡುಹಗಲು ಕೆಲಸದ ಸ್ಥಳಕ್ಕೆ ಹೋದೆ. ಊಟದ ಡಬ್ಬಗಳನ್ನು ತಂದ ಬಸ್ಸು ಆಗಷ್ಟೇ ಬಂದು ನಿಂತಿತ್ತು, ಅವನ್ನು ಹಿಡಿದು ಜನ ಒಳಗೆ ಹತ್ತುತ್ತಿದ್ದರು. ಫೋರ್‌ಮನ್ ಕಿಟಕಿಯೊಳಗೆ ಕೈ ಹಾಕಿ ಕೀಲಿ ತಿರುಗಿಸಿದ. ಎಂಜಿನ್ ಒಂದೇ ಸಲಕ್ಕೆ ನಿಂತಿತು. ಹತ್ತಿದವರು ಸ್ವಲ್ಪ ಹೊತ್ತು ಒಳಗೇ ಕಾದರು. ಆಮೇಲೆ ಒಬ್ಬೊಬ್ಬರಾಗಿ ಇಳಿದು, ಬಸ್ಸಿನ ಅಡಿಯಲ್ಲಿದ್ದಷ್ಟು ನೆರಳಿಗೆ ತೂರಿಕೊಂಡು ಮಲಗಿದರು.